ನಿದ್ದೆಗೆ ಕಾವಲು ನಿಂತವಳು

ಗಂಡನ ನಿದ್ದೆಯ ಸಲುವಾಗಿ ಹಲೀಮಾ ಗಲ್ಲಿಯ ಎಲ್ಲರ ಜೊತೆ ಜಗಳವಾಡಿದ್ದಳು. ಹಾಲಿನವನ ಜೊತೆ, ಹಳೇ ಪೇಪರಿನವನ ಜೊತೆ, ಬಾಗಿಲ ಮುಂದೆ ಚೆಂಡಾಡುವ ಮಕ್ಕಳ ಜೊತೆ. ಹಗಲು ಯಾರಾದರೂ ದನಿ ಎತ್ತಿದರೆ ಹೊಸ್ತಿಲಲ್ಲಿ ನಿಂತು ಬಾಯ ಮೇಲೆ ಬೆರಳಿಡುತ್ತಿದ್ದಳು. ಬೆರಳಿಗೆ ಬಗ್ಗದವರಿಗೆ ಬೈಗುಳ ಕಾದಿರುತ್ತಿತ್ತು. ಗಲ್ಲಿಯವರು ಅವಳ ಗಂಡ ಮಕ್ಬೂಲನಿಗೆ ಹಗಲು ನವಾಬ ಎಂದು ಹೆಸರಿಟ್ಟು ನಗುತ್ತಿದ್ದರು.

ನವಾಬನಂತೆ! ನೆಹರು ಗಂಜ್ ಹಿಂದಿನ ದಾಲ್ ಮಿಲ್ಲಿನಲ್ಲಿ ಯಂತ್ರದ ಬಾಯಿಗೆ ತೊಗರಿ ಸುರಿಯುವ ನವಾಬ. ಬೆನ್ನಿನ ಮೇಲೆ ಚೀಲ ಹೊರುವ, ಹೊಟ್ಟಿನ ಧೂಳು ಕುಡಿಯುವ ನವಾಬ. ಅವನಿಗೆ ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ರಾತ್ರಿಗೆ ಮೈ ಒಗ್ಗಿತು ಅನ್ನುವಷ್ಟರಲ್ಲಿ ಹಗಲು. ಹಗಲಿಗೆ ಒಗ್ಗುವಷ್ಟರಲ್ಲಿ ಮತ್ತೆ ರಾತ್ರಿ. ಒಂದೇ ಪಾಳಿಯಲ್ಲಿ ಉಳಿದ ಜನ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ, ಗುಂಪು ಕಟ್ಟುತ್ತಾರೆ ಎಂದು ಮಿಲ್ಲಿನ ಸಾವ್ಕಾರನಿಗೆ ಭಯ. ಅದಕ್ಕೇ ವಾರವಾರ ಜನರನ್ನು ಕಲಸಿಬಿಡುತ್ತಿದ್ದ.

ರಾತ್ರಿ ಪಾಳಿ ಮುಗಿಸಿ ಬಂದ ಮಕ್ಬೂಲನ ಕಣ್ಣು ಕೆಂಡವಾಗಿರುತ್ತಿದ್ದವು. ರೆಪ್ಪೆಯ ಕೂದಲಿಗೆ ಹೊಟ್ಟು ಮೆತ್ತಿರುತ್ತಿತ್ತು. ತಗಡಿನ ಮನೆ. ಕಲಬುರಗಿಯ ಬಿಸಿಲು. ಹೊತ್ತು ಏರಿದಂತೆ ತಗಡು ಕಾಯುತ್ತಿತ್ತು, ಒಳಗೆ ಮನುಷ್ಯ ಬೇಯುತ್ತಿದ್ದ. ಹಲೀಮಾ ಹೊಲಿಗೆ ಮಷೀನು ನಿಲ್ಲಿಸುತ್ತಿದ್ದಳು. ಒದ್ದೆ ಮಾಡಿದ ಗೋಣಿಚೀಲ ಕಿಟಕಿಗೆ ಕಟ್ಟುತ್ತಿದ್ದಳು. ಆದರೂ ಅವನು ಹೊರಳುತ್ತಿದ್ದ. ಮೈ ಸತ್ತಿರುತ್ತಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ಮಲಗುವ ಹೊತ್ತಿನಲ್ಲಿ ಹಸಿವು, ಉಣ್ಣುವ ಹೊತ್ತಿನಲ್ಲಿ ವಾಕರಿಕೆ. ನಾಲ್ಕು ದಿನ ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು, ಐದನೇ ದಿನ ಕೆಡುತ್ತಿತ್ತು. ಸುಮ್ಮಸುಮ್ಮನೆ ಸಿಟ್ಟು. ಒಮ್ಮೆ ಅನ್ನದ ತಾಟನ್ನು ಗೋಡೆಗೆ ಎಸೆದು, ಆಮೇಲೆ ತಾನೇ ಕೂತು ಅನ್ನದ ಅಗುಳು ಆರಿಸಿ, ಹೆಂಡತಿಯ ಮುಖ ನೋಡಲಾರದೆ ಹೊರಗೆ ಹೋಗಿದ್ದ.

ಪಕ್ಕದ ಮನೆಯ ನೀಲಗಂಗಮ್ಮ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವವಳು. ನಡುವೆ ಇದ್ದದ್ದು ಒಂದೇ ಗೋಡೆ. ಅವಳು ಅಲ್ಲಿ ರೊಟ್ಟಿ ತಟ್ಟಿದರೆ ಇಲ್ಲಿ ಮಕ್ಬೂಲನ ತಲೆಯ ಮೇಲೆ ತಟ್ಟಿದಂತೆ.

"ನೀಲಗಂಗಕ್ಕ, ನಿನ್ನ ಕಾಲ ಬೀಳ್ತೀನಿ. ಮನಿಷಾ ಈಗೇ ಕಣ್ಣ ಮುಚ್ಯಾನ" ಎಂದಳು ಹಲೀಮಾ.

"ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ ಬರ್ತದವಾ. ನಿನ್ನ ಗಂಡಗ ಚಿಂತಿ ಭಾಳ ಅದ. ಅದಕ್ಕ ನನ್ನ ರೊಟ್ಟಿ ಏನ ಮಾಡ್ತಾವ?"

ಹಾಗೆಂದವಳು ಸಿಡುಕುತ್ತಲೇ ಒಲೆಯನ್ನು ಹೊರಗೆ ಹೊತ್ತೊಯ್ದಳು. ಅಂದಿನಿಂದ ಬಿಸಿಲಲ್ಲಿ ಕೂತು ರೊಟ್ಟಿ ಬಡಿದಳು. ಮೇಲೆ ಸೂರ್ಯ, ಕೆಳಗೆ ಬೆಂಕಿ. ಅವಳ ಸುಟ್ಟ ಮುಖ ಕಂಡಾಗೆಲ್ಲ ಹಲೀಮಾಳಿಗೆ ತಾನು ಕಳ್ಳಿ ಅನಿಸುತ್ತಿತ್ತು. ಆದರೂ ಒಲೆ ಒಳಗೆ ತಾ ಅನ್ನಲಿಲ್ಲ. ಗಂಡ ಮಲಗಬೇಕಿತ್ತು.

ಬೇಸಿಗೆಗೆ ಮೊದಲು ಮಕ್ಬೂಲನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ನಲವತ್ತೂ ದಾಟಿರಲಿಲ್ಲ. ದವಾಖಾನೆಯ ಉದ್ದದ ಸಾಲಿನಲ್ಲಿ ನಿಂತು ಒಳಗೆ ಹೋದರೆ ಡಾಕ್ಟರು ತಲೆ ಎತ್ತದೆ ಹೇಳಿದರು. ಮುಂಜಾನೆ ಒಂದು ಗುಳಿಗೆ, ರಾತ್ರಿ ಒಂದು. ಊಟಕ್ಕೆ ಮೊದಲು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು.

"ಸಾಹೇಬ್ರ, ಇವ್ರಿಗಿ ರಾತ್ರಿ ಡ್ಯೂಟಿ ಇರ್ತದ್ರಿ" ಎಂದಳು ಹಲೀಮಾ.

ಅಷ್ಟರಲ್ಲಿ ಮುಂದಿನವನ ಹೆಸರು ಕೂಗಿಯಾಗಿತ್ತು.

ಮನೆಗೆ ಬಂದು ಗಂಡ ಹೆಂಡತಿ ಗುಳಿಗೆ ಮುಂದಿಟ್ಟುಕೊಂಡು ಕೂತರು. ಮುಂಜಾನೆ ಯಾವುದು? ರಾತ್ರಿ ಪಾಳಿಯ ವಾರ ಮಕ್ಬೂಲ ಏಳುವುದೇ ಸಂಜೆ. ಎದ್ದಾಗ ತಿನ್ನಬೇಕೋ, ಸೂರ್ಯ ಎದ್ದಾಗ ತಿನ್ನಬೇಕೋ? ಮಕ್ಬೂಲ ಎದ್ದಾಗ ಎಂದ. ಹಲೀಮಾ ಒಪ್ಪಲಿಲ್ಲ. ಮುಂಜಾನೆ ಅಂದರೆ ಊರಿಗೆಲ್ಲ ಮುಂಜಾನೆ, ನಸುಕಿನ ನಮಾಜು ಆದ ಮೇಲಿನದು. ನಿಮಗೊಬ್ಬರಿಗೆ ಬೇರೆ ಮುಂಜಾನೆ ಇದೆಯೇನು ಎಂದು ನಕ್ಕಳು. ಅವನೂ ನಕ್ಕ. ಗುಳಿಗೆ ಕೊಡುವ ಕೆಲಸ ಅವಳೇ ಇಟ್ಟುಕೊಂಡಳು.

ಒಂದೇ ಪಾಳಿ ಕೊಡಿ ಎಂದು ಕೇಳಲು ಮಕ್ಬೂಲ ಮಿಲ್ಲಿನ ಮ್ಯಾನೇಜರ ಯಶವಂತನ ಹತ್ತಿರ ಹೋಗಿದ್ದ. ಬೇಕಾದರೆ ಬರೀ ರಾತ್ರಿಯನ್ನೇ ಕೊಡಿ ಎಂದೂ ಕೇಳಿದ್ದ.

"ಸಕ್ಕರಿ ಬೇನಿ ಅದ ಅಂತಿ. ಬೇನಿ ಇದ್ದವರನ್ನ ಇಟ್ಕೊಂಡು ನಾ ಏನ ದವಾಖಾನಿ ನಡಸಲಿ? ಆಗ್ತದಂದ್ರ ಬಾ, ಇಲ್ಲಂದ್ರ ಗೇಟ ಬಾಜೂಕೇ ಅದ" ಎಂದಿದ್ದ ಯಶವಂತ.

ಆ ಮಿಲ್ಲಿನಲ್ಲಿ ಯಂತ್ರ ಬಿಸಿಯಾದರೆ ನಿಲ್ಲಿಸುತ್ತಿದ್ದರು. ಎಣ್ಣೆ ಹಾಕಿ, ತಣ್ಣಗಾಗುವ ತನಕ ಕಾಯುತ್ತಿದ್ದರು. ಅದನ್ನು ನೋಡುತ್ತ ಮಕ್ಬೂಲ ಚೀಲದ ಮೇಲೆ ಕೂತಿರುತ್ತಿದ್ದ. ಅಲ್ಲಿ ಮೈಗೆ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ.

ಏಪ್ರಿಲ್‌ನಲ್ಲಿ ಹಲೀಮಾಳ ತಮ್ಮ ಅಜರನ ಮದುವೆ ಬಂತು. ತವರು ಕಮಲಾಪುರ. ಆ ವಾರ ಮಕ್ಬೂಲನದು ರಾತ್ರಿ ಪಾಳಿ. ರಜೆ ಕೇಳಿದರೆ ಸಿಗಲಿಲ್ಲ. ಸಂಜೆ ಪಾಳಿ ಶುರುವಾಗುವಷ್ಟರಲ್ಲಿ ಮರಳುತ್ತೇನೆಂದು ಹೇಳಿ, ಪಾಳಿ ಮುಗಿಸಿ ನೇರ ಬಸ್ ಸ್ಟ್ಯಾಂಡಿಗೆ ಬಂದ. ಜೊತೆಗೆ ಅದೇ ಮಿಲ್ಲಿನ ಸಲ್ಮಾನ್, ಮದುವೆ ಹುಡುಗನ ಗೆಳೆಯ.

ಹಲೀಮಾ ಗುಳಿಗೆ ಮತ್ತು ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಊರಿಗೆ ಮುಂಜಾನೆಯಾಗಿತ್ತು. ಅವನು ನುಂಗಿದ.

"ಏನರ ತಿಂತೀರೇನು?"

"ಬ್ಯಾಡ. ಹೊಟ್ಟ್ಯಾಗ ಒಂಥರಾ ಆಗ್ಲಕತ್ತದ. ಮದವಿ ಊಟಾ ಅದ ಅಲ್ಲ" ಎಂದ ಮಕ್ಬೂಲ.

ಅವಳೂ ಒತ್ತಾಯ ಮಾಡಲಿಲ್ಲ. ಬಸ್ಸಿನಲ್ಲಿ ಅವನ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಅವಳು ತನ್ನ ಅಂಗೈಯನ್ನು ನಡುವೆ ಇಟ್ಟಳು.

ತವರಿನದು ಹಳೆಯ ಕಲ್ಲಿನ ಮನೆ. ಒಳಗಿನ ಕೋಣೆಗೆ ಕಿಟಕಿಯಿಲ್ಲ. ಬೇಸಿಗೆಯಲ್ಲಿ ಬಾಳೆಗೊನೆ ಹಣ್ಣಿಗೆ ಹಾಕುವ ಜಾಗ ಅದು. ಕತ್ತಲು, ತಂಪು, ಕೆಂಪು ಬಾಳೆಯ ವಾಸನೆ. ಹಲೀಮಾ ನೆಲಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದಳು. ಮಕ್ಬೂಲ ಉರುಳಿದ. ಉರುಳಿದ ಕೂಡಲೇ ನಿದ್ದೆ. ಹೊರಳಾಟವಿಲ್ಲ, ನಿಟ್ಟುಸಿರಿಲ್ಲ. ಎಷ್ಟು ತಿಂಗಳ ಮೇಲೆ ಅವನು ಹೀಗೆ ಮಲಗಿದ್ದು! ಅವಳು ಬಾಗಿಲಿಗೆ ಒರಗಿ ನಿಂತು ಅವನ ಎದೆ ಏರಿ ಇಳಿಯುವುದನ್ನು ನೋಡಿದಳು. ಕಣ್ಣು ತುಂಬಿ ಬಂದವು. ಬಾಗಿಲು ಎಳೆದುಕೊಂಡು ಹೊಸ್ತಿಲಲ್ಲೇ ಕೂತಳು.

ನಿಕಾಹ ಮುಗಿಯಿತು. ಊಟಕ್ಕೆ ನೆಲದ ಮೇಲೆ ದಸ್ತರಖಾನು ಹಾಸಿದರು. ಬಿರಿಯಾನಿ ಬಂತು, ದಾಲ್ಚಾ ಬಂತು. ಆದರೆ ಯಾರೂ ಕೈ ಹಾಕಲಿಲ್ಲ. ಆ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ನಡೆ. ಹಿರಿಯ ಅಳಿಯ ಮೊದಲ ತುತ್ತು ಎತ್ತಬೇಕು, ಆಮೇಲೆ ಉಳಿದವರು. ಅಳಿಯ ಬರದೆ ಊಟ ಶುರುವಾದರೆ ಮಗಳನ್ನು ಕೊಟ್ಟ ಮನೆಗೆ ಅವಮಾನ.

ಹಲೀಮಾಳ ತಾಯಿ ಮೆಹಬೂಬಿ ಒಳಗೆ ಬಂದಳು. "ದಾಮಾದ್‌ಗ ಎಬ್ಬಸು ಬೇಟಿ. ಮಂದಿ ಕಾಯ್ಲಕತ್ತಾರ."

"ಮಲ್ಕೊಂಡಾರ ಅಮ್ಮಿ. ನೀವು ಶುರು ಮಾಡ್ರಿ."

"ಅದ್ಹ್ಯಾಂಗಾಗ್ತದ? ಒಂದು ತುತ್ತು ತಿಂದು ಮತ್ತ ಮಲ್ಕೊಳ್ಳಲಿ."

"ಒಮ್ಮಿ ಎದ್ರ ಮತ್ತ ನಿದ್ದಿ ಬರಲ್ಲ ಅವರಿಗಿ. ನಿನಗ ಗೊತ್ತಿಲ್ಲ. ರಾತ್ರಿ ಎಲ್ಲಾ ಚೀಲಾ ಹೊತ್ತಾರ, ಸಂಜಿಗಿ ಮತ್ತ ಹೊರಬೇಕು."

ಮದುಮಗ ಅಜರ್ ಮುಖದ ಮೇಲಿನ ಹೂವಿನ ಸೆಹರಾ ಸರಿಸಿಕೊಂಡು ಬಂದ. "ಆಪಾ, ದುಲ್ಹಾಭಾಯಿ ಇಲ್ದ ನಾ ಹ್ಯಾಂಗ ಉಣ್ಣಲಿ? ನಾ ಎಬ್ಬಸ್ತೀನಿ ಸರಿ."

ಹಲೀಮಾ ಎದ್ದು ಬಾಗಿಲಿಗೆ ಅಡ್ಡ ಕೈ ಚಾಚಿದಳು. "ಯಾರರ ಈ ಬಾಗಲಾ ಮುಟ್ಟಿದ್ರ ನಾ ಈಗೇ ಕಲಬುರಗಿ ಬಸ್ ಹತ್ತತೀನಿ. ನಿಮ್ಮ ರಿವಾಜಿಗಿ ಬೆಂಕಿ ಹಚ್ಚರಿ. ಮನಿಷಾಗ ನಿದ್ದಿ ಬೇಕು."

ಸಲ್ಮಾನ್ ಅಂಗಳದಲ್ಲಿ ಎಲ್ಲವನ್ನೂ ನೋಡುತ್ತಿದ್ದ. ಮೆಹಬೂಬಿ ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಜನ ಉಂಡರು. ಹಲೀಮಾ ಗೆದ್ದಳು. ಹೌದು, ಆ ಹೊತ್ತಿಗೆ ಅವಳಿಗೆ ಗೆದ್ದಂತೆಯೇ ಅನಿಸಿತು. ನಡುವೆ ಒಮ್ಮೆ ಬಾಗಿಲು ಸರಿಸಿ ನೋಡಿದಳು. ಮಕ್ಬೂಲ ಅಲುಗಾಡದೆ ಮಲಗಿದ್ದ. ಒಳಗೆ ಅಷ್ಟು ತಂಪಿದ್ದರೂ ಅವನ ಹಣೆಯ ಮೇಲೆ ಬೆವರಿತ್ತು. ಸೆರಗಿನಿಂದ ಮೆಲ್ಲಗೆ, ಎಚ್ಚರವಾಗದಂತೆ ಒರೆಸಿದಳು. ಬಂದು ಮತ್ತೆ ಹೊಸ್ತಿಲಲ್ಲಿ ಕೂತಳು.

ಬಿಸಿಲು ಇಳಿದ ಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಲು ಹೋದಳು.

ಏಳಲಿಲ್ಲ.

ಅಂಗಿ ತೊಯ್ದು ತೊಪ್ಪೆಯಾಗಿತ್ತು. ಚಾಪೆ ಒದ್ದೆ. ಹಲ್ಲು ಕಚ್ಚಿಕೊಂಡಿದ್ದವು. ಕೆನ್ನೆ ತಟ್ಟಿದಳು, ಭುಜ ಹಿಡಿದು ಜಗ್ಗಿದಳು, ಕಿರುಚಿದಳು. ಗಂಟಲಿನಿಂದ ಗೊರಗೊರ ಸದ್ದು ಬಂತೇ ಹೊರತು ಕಣ್ಣು ತೆರೆಯಲಿಲ್ಲ. ಅಜರ್ ಮದುವೆಯ ಶೇರವಾನಿಯಲ್ಲೇ ಭಾವನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ಊರಿನ ದವಾಖಾನೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು, ನರಕ್ಕೆ ಗ್ಲೂಕೋಸ್ ಕೊಟ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಗೆ.

ಮಕ್ಬೂಲ ಬದುಕಿದ. ಕಣ್ಣು ತೆರೆದ. ಮೊದಲೆರಡು ದಿನ ಹೆಂಡತಿಯ ಹೆಸರು ಬಾಯಿಗೆ ಬರಲಿಲ್ಲ. ಆಮೇಲೆ ಬಂತು. ಎಡಗೈ ನಡುಗುವುದು ಮಾತ್ರ ನಿಲ್ಲಲಿಲ್ಲ. ನೀರಿನ ಲೋಟ ಹಿಡಿದರೆ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು.

"ಗುಳಗಿ ತಗೊಂಡು ಏನೂ ತಿಂದಿಲ್ಲ. ಮೈಯಾಗಿನ ಸಕ್ಕರಿ ಪೂರಾ ಇಳದದ" ಎಂದಳು ವಾರ್ಡಿನ ನರ್ಸ್ ಸೃಷ್ಟಿ. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ಮೈಯೊಳಗ ಒಂದು ಗಡಿಯಾರ ಇರ್ತದ್ರಿ ಅಕ್ಕ. ಯಾವಾಗ ಹಸಿವಾಗಬೇಕು, ಯಾವಾಗ ನಿದ್ದಿ ಬರಬೇಕು, ಸಕ್ಕರಿ ಎಷ್ಟಿರಬೇಕು, ಎಲ್ಲಾ ಅದರ ಲೆಕ್ಕಾ. ನೀವು ವಾರಕ್ಕೊಮ್ಮಿ ಅದರ ಮುಳ್ಳು ತಿರುವಿದ್ರ ಮೈ ಹ್ಯಾಂಗ ತಡೀತದ? ಪಾಳಿ ಮಾಡವ್ರಿಗಿ ಗುಳಗಿ ಹೊತ್ತು ಬ್ಯಾರೇನೇ ಹೇಳಬೇಕಿತ್ತು. ನಿಮಗ ಯಾರೂ ಹೇಳಲಿಲ್ಲೇನು?"

ಹಲೀಮಾಳ ಕಿವಿಗೆ ಬಿದ್ದದ್ದು ಮೊದಲ ಮಾತು ಒಂದೇ. ಏನೂ ತಿಂದಿಲ್ಲ. ಬಿರಿಯಾನಿಯ ವಾಸನೆ ಆ ಕೋಣೆಯವರೆಗೂ ಬಂದಿತ್ತು. ಊಟಕ್ಕೆ ಕರೆಯಲು ತಾಯಿ ಬಂದಿದ್ದಳು, ತಮ್ಮ ಬಂದಿದ್ದ. ಇಡೀ ಮದುವೆ ಅವನ ಒಂದು ತುತ್ತಿಗೆ ಕಾದಿತ್ತು. ಆ ತುತ್ತಿಗೆ ಅಡ್ಡ ನಿಂತವಳು ಅವಳು. ಅವನು ಒಳಗೆ ಸಾಯುತ್ತಿದ್ದ, ಇವಳು ಯಾರೂ ಕಾಪಾಡದಂತೆ ಬಾಗಿಲು ಕಾದಿದ್ದಳು. ಹಣೆಯ ಬೆವರನ್ನೂ ಒರೆಸಿದ್ದಳು, ಎಚ್ಚರವಾಗದಂತೆ! ದವಾಖಾನೆಯ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡು ಆ ಕೈಯನ್ನು ಗೋಡೆಗೆ ಬಡಿದಳು. ನೋಯಲಿಲ್ಲ. ಮತ್ತೆ ಬಡಿದಳು.

ಮನೆಗೆ ಬಂದ ಮೇಲೆ ಗಲ್ಲಿಯವರು ಮಾತಾಡಿಸಲು ಬಂದರು. ಮಕ್ಬೂಲ ಎಲ್ಲರಿಗೂ ಒಂದೇ ಮಾತು ಹೇಳಿದ. ಗುಳಿಗೆ ನಾನೇ ತಗೊಂಡೆ, ಉಣ್ಣುವುದು ಮರೆತೆ, ಹಲೀಮಾ ಎಬ್ಬಿಸಿದ್ದಳು, ನಾನೇ ಏಳಲಿಲ್ಲ. ಹಲೀಮಾ ಚಹಾದ ಕಪ್ಪು ಹಿಡಿದು ಕೇಳುತ್ತ ನಿಂತಳು. ಅವನು ಸುಳ್ಳು ಹೇಳಿದಷ್ಟೂ ಅವಳು ಕುಗ್ಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದೇ ವಾರ ಸಲ್ಮಾನ್ ಬಂದ. ಒಳಗೆ ಕರೆದರೂ ಬರಲಿಲ್ಲ. ಅಂಗಳದಲ್ಲಿ ನಿಂತು ಹಲೀಮಾಳಿಗೆ ಹೇಳಿದ.

"ಭಾಭಿ, ಮಿಲ್ಲಿನ್ಯಾಗ ನಮ್ಮ ಮಂದಿ ಎಲ್ಲಾ ಕೂಡಿ ಯಶವಂತ ಸಾಹೇಬ್ರಿಗಿ ಕೇಳಿದ್ವಿ. ಮಕ್ಬೂಲ್ ಭಾಯಿಗಿ ಹಿಂಗಾಯ್ತು, ಇನ್ನ ವಾರವಾರ ಪಾಳಿ ತಿರುವಬ್ಯಾಡ್ರಿ ಅಂತ. ಅದಕ್ಕ ಅವ್ರು..."

"ಏನಂದ್ರು?"

"ಮಿಲ್ಲಿಂದೇನು ತಪ್ಪದ, ಅವನ ಹೇಣ್ತಿನೇ ಗುಳಗಿ ಕೊಟ್ಟು, ಉಪಾಸ ಕೆಡವಿ, ಬಾಗಲಾ ಹಾಕಿದ್ಲು ಅಂತಂದ್ರು. ಮಂದಿ ಬಾಯಿ ಮುಚ್ಚಿದ್ರು." ಸಲ್ಮಾನ್ ನೆಲ ನೋಡಿದ. "ಕಮಲಾಪುರದ್ದು ನನ್ನ ಬಾಯಿಂದೇ ಹೋಗ್ಯಾದ ಭಾಭಿ. ಚಹಾ ಕುಡಿಯೋವಾಗ ಹೇಳಿಬಿಟ್ಟೆ. ಮತ್ತ, ಮಕ್ಬೂಲ್ ಭಾಯಿ ಸೋಮವಾರ ರಾತ್ರಿ ಪಾಳಿಗಿ ಬರಲಿಲ್ಲಂದ್ರ ಬರೋದೇ ಬ್ಯಾಡ ಅಂದಾರ."

ಒಳಗಿನಿಂದ ಮಕ್ಬೂಲನ ದನಿ ಬಂತು. "ಬರ್ತೀನಿ ಅಂತ ಹೇಳು."

ಸಲ್ಮಾನ್ ಹೋದ ಮೇಲೂ ಹಲೀಮಾ ಅಲ್ಲೇ ನಿಂತಿದ್ದಳು. ಅವಳ ಬಗ್ಗೆ ಯಶವಂತ ಹೇಳಿದ್ದರಲ್ಲಿ ಸುಳ್ಳೇನಿತ್ತು? ಒಂದಕ್ಷರವೂ ಸುಳ್ಳಲ್ಲ. ಅವಳ ತಪ್ಪು ಖರೇ ಇತ್ತು. ಆ ತಪ್ಪನ್ನು ಹಿಡಿದು ಇಡೀ ಮಿಲ್ಲಿನ ಬಾಯಿಗೆ ಬಟ್ಟೆ ತುರುಕಿದ್ದರು. ಇನ್ನು ಯಾವ ಹಮಾಲ ಬಿದ್ದರೂ, ಯಾರ ಕಣ್ಣು ಹೋದರೂ, ಹೇಳುವುದಕ್ಕೆ ಹಲೀಮಾಳ ಕಥೆ ಸಿದ್ಧವಿತ್ತು.

ಸೋಮವಾರ ಸಂಜೆ ಮಕ್ಬೂಲ ನಡುಗುವ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಹಲೀಮಾ ಅವನ ಮುಂದೆ ಊಟ ಇಟ್ಟು, ಅವನು ಉಂಡು ಮುಗಿಸುವ ತನಕ ನೋಡಿದಳು. ಆಮೇಲೆ ಬುರ್ಖಾ ಹಾಕಿಕೊಂಡು ಹೊರಗೆ ಬಂದು ಬಾಗಿಲ ಚಿಲಕ ಎಳೆದಳು.

"ಹಲೀಮಾ! ಎಲ್ಲಿ ಹೊಂಟಿ?" ಅವನು ಒಳಗಿನಿಂದ ಬಾಗಿಲು ಬಡಿದ.

"ನೀಲಗಂಗಕ್ಕ, ನಾ ಬರೋ ತನಕ ಇವರ ಮ್ಯಾಲ ಲಕ್ಷ್ಯ ಇರಲಿ. ಒದರಿದ್ರ ಬಾಗಲಾ ತಗಿ, ಆದ್ರ ಮಿಲ್ಲಿಗಿ ಬಿಡಬ್ಯಾಡ."

ನೀಲಗಂಗಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಮಕ್ಬೂಲನ ಹೊಸ್ತಿಲಲ್ಲಿ ಕೂತಳು. "ನಡಿ ನೀ. ಇಂವ ಎಲ್ಲಿಗಿ ಹೋಗ್ತಾನ ನೋಡ್ತೀನಿ."

ಮಿಲ್ಲಿನ ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತು. ಹಗಲಿನವರು ಹೊಟ್ಟು ಮೆತ್ತಿದ ಮೈಯಲ್ಲಿ ಹೊರಬರುತ್ತಿದ್ದರು. ರಾತ್ರಿಯವರು ಒಳಗೆ ಹೋಗಲು ನಿಂತಿದ್ದರು. ಯಶವಂತ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಮಕ್ಬೂಲ ಎಲ್ಲಿ?"

"ಬರಂಗಿಲ್ರಿ."

"ನೀ ಯಾಕ ಬಂದಿ? ಅವನ ಬದ್ಲಿ ಚೀಲಾ ಹೊರ್ತಿಯೇನು?" ಯಶವಂತ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಅವನು ಎದ್ದು ನಿಂತ. "ಬಂದದ್ದು ಚಲೋ ಆಯ್ತು. ಈ ಮಂದಿಗಿ ನೀನೇ ಹೇಳವ್ವ. ಗುಳಗಿ ಕೊಟ್ಟವರು ಯಾರು? ಮಿಲ್ಲಿನವ್ರೋ, ನೀನೋ?"

ಅಷ್ಟೂ ಗಂಡಸರು ಹಲೀಮಾಳನ್ನೇ ನೋಡುತ್ತಿದ್ದರು. ತಿರುಗಿ ಓಡಿಬಿಡಬೇಕು ಅನಿಸಿತು. ಓಡಲಿಲ್ಲ.

"ನಾ ಕೊಟ್ಟೀನಿ" ಎಂದಳು. ದನಿ ಸಾಲದು ಅನಿಸಿ ಮತ್ತೆ ಗಟ್ಟಿಯಾಗಿ ಹೇಳಿದಳು. "ನಾನೇ ಕೊಟ್ಟೀನಿ. ಉಪಾಸ ಮಲಗಿಸಿದಾಕಿನೂ ನಾನೇ. ಎಬ್ಬಸಲಾಕ ಬಂದವರನ್ನ ಬೈದು ಕಳಿಸಿದಾಕಿನೂ ನಾನೇ. ನನ್ನ ಗಂಡ ಸುಳ್ಳು ಹೇಳ್ತಾರ, ನನ್ನ ಉಳಸಲಾಕ. ಇವತ್ತಿಗೂ ನನ್ನ ಮುಖಾ ನಾ ನೋಡ್ಕೊಳ್ಳಲ್ಲ. ಸಾಯೋ ತನಕ ನೋಡ್ಕೊಳ್ಳಲ್ಲ."

"ಕೇಳಿದ್ರೇನು?" ಎಂದ ಯಶವಂತ ಜನರ ಕಡೆ ತಿರುಗಿ.

"ಇನ್ನಾ ಮುಗಿದಿಲ್ರಿ ಸಾಹೇಬ್ರ. ಮನಿಷಾನ ನಿದ್ದಿ ನೋಡಿ ನಾ ಯಾಕ ಅಷ್ಟು ಖುಷಿ ಆದೆ, ಅದನ್ನ ಕೇಳ್ರಿ. ವರ್ಷದಿಂದ ನಿದ್ದಿ ಇಲ್ಲ. ಅದನ್ನ ಕಸಗೊಂಡವರು ಯಾರು? ನನ್ನ ಪಾಲಿನ ತಪ್ಪು ನಾ ಹೊತ್ತೀನಿ. ನಿಮ್ಮ ಪಾಲಿಂದು ನನ್ನ ತಲಿ ಮ್ಯಾಲ ಇಡಬ್ಯಾಡ್ರಿ. ಹೊರೋದಿಲ್ಲ ನಾ."

ಯಶವಂತ ಬಾಯಿ ತೆರೆದ. ಅವಳು ಬಿಡಲಿಲ್ಲ. "ಇಲ್ಲಿ ಎಷ್ಟು ಮಂದಿಗಿ ಸಕ್ಕರಿ ಅದ, ಬಿ.ಪಿ. ಅದ, ನಿಮಗ ಗೊತ್ತದೇನು? ಹೇಳಲ್ಲ ಅವ್ರು. ಹೇಳಿದ್ರ ಗೇಟ ತೋರಸ್ತೀರಿ. ನಾಳಿ ಅವರ ಹೇಣ್ತಿಯರು ನನ್ನಂಗ ತಪ್ಪು ಮಾಡ್ತಾರ. ಆವಾಗ ಅವರ ಹೆಸರು ಹೇಳ್ತೀರೇನು?"

ರಾತ್ರಿ ಪಾಳಿಯವರ ನಡುವೆ ಅಣವೀರಪ್ಪ ನಿಂತಿದ್ದ. ಮಿಲ್ಲಿನ ಹಳೇ ಹಮಾಲ. ಯಾರ ಗೋಜಿಗೂ ಹೋದವನಲ್ಲ. ಅವನು ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಹಾಸಿ, ಗೇಟಿನ ಹೊರಗೆ ಕೂತ.

"ಏಯ್ ಅಣವೀರಪ್ಪ, ಏನಿದು? ಒಳಗ ನಡಿ."

"ನನಗೂ ಅದ್ರಿ ಸಕ್ಕರಿ. ನಿಮಗ ಅಂಜಿ ಮೂರು ವರ್ಷ ಮುಚ್ಚಿಟ್ಟೀನಿ" ಎಂದ ಅಣವೀರಪ್ಪ. "ಪಾಳಿ ಮಾತು ಮುಗಿಯೋ ತನಕ ನಾ ಏಳಲ್ಲ."

ಸಲ್ಮಾನ್ ಬಂದು ಅವನ ಪಕ್ಕ ಕೂತ. ಆಮೇಲೆ ಮತ್ತೊಬ್ಬ. ಒಬ್ಬಿಬ್ಬರು ತಲೆ ತಗ್ಗಿಸಿಕೊಂಡು ಒಳಗೂ ಹೋದರು. ಮನೆಯಲ್ಲಿ ಹೊಟ್ಟೆಗಳಿದ್ದವು, ಅವರನ್ನು ಯಾರೂ ಬೈಯಲಿಲ್ಲ. ಸೈರನ್ ಆಯಿತು. ಯಶವಂತ ಸಾವ್ಕಾರನಿಗೆ ಫೋನು ಹಚ್ಚಿ ಆಫೀಸಿನ ಒಳಗೆ ಹೋದ. ಯಂತ್ರ ಶುರುವಾಗಲಿಲ್ಲ.

ಹಲೀಮಾ ಮನೆಗೆ ಬರುವಾಗ ಗಲ್ಲಿಯಲ್ಲಿ ದೀಪ ಹತ್ತಿದ್ದವು. ಎದೆ ಹಗುರಾಗಿರಬೇಕಿತ್ತು. ಆಗಿರಲಿಲ್ಲ. ಮಕ್ಬೂಲ ಚಾಪೆಯ ಮೇಲೆ ಕೂತಿದ್ದ, ಅಂಗಿಯ ಗುಂಡಿಗಳು ಅರ್ಧಂಬರ್ಧ ಹಾಕಿದ್ದವು. ನಡೆದದ್ದನ್ನೆಲ್ಲ ಅವಳು ಹೇಳಿದಳು.

"ನಿನ್ನ ಹೆಸರು ಯಾಕ ಹೇಳ್ಕೊಂಡಿ? ನಾ ಯಾರಿಗೂ ಹೇಳಿದ್ದಿಲ್ಲ."

"ನೀವು ಮುಚ್ಚಿಟ್ಟಷ್ಟೂ ಅದು ಅವರ ಕೈಯಾಗ ಕಲ್ಲಾಗ್ಲಕತ್ತಿತ್ತು" ಎಂದಳು.

ಮಕ್ಬೂಲ ಹಾಕಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ನಾಳೆ ಕೆಲಸ ಇರುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಊರು ಮಲಗುವ ಹೊತ್ತಿಗೆ ಅವನೂ ಚಾಪೆಯ ಮೇಲೆ ಒರಗಿದ. ಕಣ್ಣು ಮುಚ್ಚಿದ. ಉಸಿರು ನಿಧಾನವಾಯಿತು.

ಹಲೀಮಾಳಿಗೆ ತಡೆಯಲಾಗಲಿಲ್ಲ. ಬೆರಳನ್ನು ಅವನ ಮೂಗಿನ ಕೆಳಗೆ ಹಿಡಿದಳು. ಬೆಚ್ಚಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದಳು.

"ಅದೀನಿ" ಎಂದ ಮಕ್ಬೂಲ, ಕಣ್ಣು ತೆರೆಯದೆ.

ಅವಳು ಬೆರಳು ತೆಗೆಯಲಿಲ್ಲ.